ಆಯಿಯ ಪಿಂಚಣಿ ಪುಸ್ತಕ ಮತ್ತ ಸಾಂಗ್ರೊ ನದಿ

ಹಿಂದಿನ ಸಲ ಗುರೆಳ್ಳ ಹಿಂಡಿ ಕುಟ್ಟೂದು ಹೆಂಗ ಅಂತ ಬರದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಟ್ರಂಕಿನ ಕಡೆ ಬಂದೀನಿ. ನಮ್ಮ ಕಡೆ ಕೆಲವು ಮನಿಗಳ ಹಳೇ ಟ್ರಂಕಿನ ತಳದಾಗ, ಇರಕಲ್ ಸೀರಿ, ಲಗ್ನಪತ್ರಿಕಿ, ಹೊಲದ ಕಾಗದದ ಕೆಳಗ ಒಂದು ಸಣ್ಣ ಸರ್ಕಾರಿ ಪುಸ್ತಕ ಇರತೈತಿ. ಅದು ಯುದ್ಧಕ್ಕ ಹೋಗಿ ತಿರುಗಿ ಬರಲಾರದವರ ಹೆಂಡತಿಗೆ ಕೊಟ್ಟ ಪಿಂಚಣಿ ಪುಸ್ತಕ. ಇವತ್ತಿನ ಮಾತು ಅದರದು.

ಬೆಳಗಾವಿ ಸೀಮಿಯಾಗ ಫೌಜಿಗೆ ಹೋಗೂದು ಹೊಸಾದಲ್ಲ. 1922ರಾಗ ಬ್ರಿಟಿಷರು ಹಳೇ ಮರಾಠಾ ಪಲ್ಟನ್‌ಗಳನ್ನೆಲ್ಲಾ ಕೂಡಿಸಿ ಒಂದು ರೆಜಿಮೆಂಟ್ ಮಾಡಿದ್ರು, ಅದರ ತರಬೇತಿ ಪಲ್ಟನ್ ಬೆಳಗಾವಿಗೆ ಬಂತು. ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಇವತ್ತಿಗೂ ಅಲ್ಲೇ ಐತಿ. ಎರಡನೇ ಮಹಾಯುದ್ಧದ ಹೊತ್ತಿಗೆ ಇಡೀ ಹಿಂದುಸ್ತಾನದಿಂದ 25 ಲಕ್ಷ ಮಂದಿ ಸೈನ್ಯಾ ಸೇರಿದ್ರು, ಅದರಾಗ ಸುಮಾರು 87 ಸಾವಿರ ಮಂದಿ ತೀರಿಹೋದ್ರು. ಈ ಲೆಕ್ಕ ಪುಸ್ತಕದಾಗ ಓದಿದ್ರ ಬರೇ ಅಂಕಿ. ಅದರಾಗ ಒಂದು ಅಂಕಿ ನಮ್ಮ ಅತ್ತಿಯ ಅಪ್ಪ.

ಅತ್ತಿ ಅಪ್ಪನ ಮುಖಾನ ನೋಡಿಲ್ಲ. ಅವರು ತೊಟ್ಟಿಲದಾಗ ಇದ್ದಾಗ ತಾರು ಬಂತು. ತಾರಿನ್ಯಾಗ ಸತ್ತ ಸುದ್ದಿ ಇತ್ತೇ ವಿನಾ ಯಾವ ದೇಶ, ಯಾವ ಊರು ಅಂತ ಇರಲಿಲ್ಲ. ಯುದ್ಧದ ಕಾಲದಾಗ ಪಲ್ಟನ್ ಎಲ್ಲಿ ಐತಿ ಅನ್ನೂದನ್ನ ಕಾಗದದಾಗ ಬರಿಯಾಕ ಬಿಡತಿರಲಿಲ್ಲ. ಹಿಂಗಾಗಿ ಮನಿಯವರಿಗೆ ಗೊತ್ತಿದ್ದದ್ದು ಇಷ್ಟ: ಹಡಗ ಹತ್ತಿದ್ರು, ಮುಂದ ಬರಲಿಲ್ಲ.

ಅತ್ತಿಯ ಅವ್ವಗ ನಾವೆಲ್ಲಾ ಆಯಿ ಅಂತಿದ್ವಿ. ಹೆಣಾ ಕಂಡಿಲ್ಲ, ಬೂದಿ ಕಂಡಿಲ್ಲ, ಬಳಿ ಹೆಂಗ ಒಡಿಯೂದು ಅಂತ ಆಯಿ ಭಾಳ ದಿನ ಹಟಾ ಹಿಡದಿದ್ದರಂತ. ಹಿರೇರು ಕೂಡಿ ಒತ್ತಾಯ ಮಾಡಿ ಒಡಿಸಿದ್ರು. ಅದಕ್ಕಿಂತ ದೊಡ್ಡ ನೋವು ಮುಂದಿನದು. ಊರಾಗ ಯಾರೋ ಒಬ್ಬರು, "ಅಂವಾ ಎಲ್ಲೂ ಸತ್ತಿಲ್ಲ, ಅಲ್ಲೇ ಒಬ್ಬಾಕಿನ್ನ ಮಾಡಿಕೊಂಡು ಉಳಕೊಂಡಾನ" ಅಂತ ಮಾತು ಹುಟ್ಟಿಸಿದ್ರು. ಆ ಮಾತು ಹೊಳಿದಂಡಿಗೆ, ಗಿರಣಿಗೆ, ಲಗ್ನದ ಮನಿಗೆ ಎಲ್ಲಾ ಕಡೆ ಆಯಿಯ ಹಿಂದ ಬಂತು. ಪಿಂಚಣಿ ಬರತಿತ್ತು ಖರೆ, ಆದ್ರ ಪಿಂಚಣಿ ಅಂದ್ರ ಸರ್ಕಾರ ರೊಕ್ಕಾ ಕೊಟ್ಟು ಬಾಯಿ ಮುಚ್ಚಿಸೂದು ಅಂತ ಅನ್ನುವರೂ ಇದ್ರು. ಆಯಿ ತೀರಿಕೊಳ್ಳೂತನಾ ಆ ಮಾತಿಗೆ ಎದುರು ಮಾತು ಅವರ ಕೈಯಾಗ ಇರಲಿಲ್ಲ. ಹಿಂತಾ ಮಾತು ಕೇಳಿದ ಹೆಣಮಕ್ಕಳು ಬ್ಯಾರೆ ಮನಿಗಳಾಗೂ ಇದ್ದಾರು. ಅದಕ್ಕ ಇಷ್ಟು ಉದ್ದ ಬರಿಯಾಕತ್ತೀನಿ.

ಹುಡುಕೂದಕ್ಕ ಮೊದಲು ಒಂದು ಸಂಗತಿ ತಿಳಕೋಬೇಕು. ಸತ್ತವರ ಲೆಕ್ಕಾ ಇಟ್ಟವರು ಯಾರು? ಮೊದಲನೇ ಮಹಾಯುದ್ಧ ಇನ್ನೂ ನಡದಿದ್ದಾಗ, 1917ರಾಗ, ಫೇಬಿಯನ್ ವೇರ್ ಅನ್ನುವವರ ಪ್ರಯತ್ನದಿಂದ ಲಂಡನ್ನಿನಾಗ ಒಂದು ಆಯೋಗ ಆತು. ಈಗ ಅದಕ್ಕ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತಾರ. ಸತ್ತ ಪ್ರತಿಯೊಬ್ಬರ ಹೆಸರೂ ಒಂದು ಕಲ್ಲಿನ ಮ್ಯಾಲೆ ಇರಬೇಕು, ಅದರಾಗ ದೊಡ್ಡ ಸಾಹೇಬ, ಸಣ್ಣ ಸಿಪಾಯಿ, ಈ ಜಾತಿ, ಆ ಧರ್ಮ ಅಂತ ಭೇದ ಇರಬಾರದು ಅನ್ನೂದು ಅದರ ನೇಮ. ನೇಮ ಭಾಳ ಚಲೋದು. ನಡಸಿದ ರೀತಿ ಎಲ್ಲಾ ಕಡೆ ಹಂಗ ಇರಲಿಲ್ಲ.

ಮೊದಲನೇ ಯುದ್ಧದ ಕಥಿ ನೋಡ್ರಿ. ಆಗಿನ ಮೆಸೊಪೊಟೇಮಿಯಾ, ಅಂದ್ರ ಈಗಿನ ಇರಾಕ್. ಟೈಗ್ರಿಸ್ ನದಿ ದಂಡಿ ಮ್ಯಾಲೆ ಕುತ್ ಅಂತ ಒಂದು ಊರು. ಅಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರ ತನಕ ತುರ್ಕರು ಮುತ್ತಿಗಿ ಹಾಕಿದ್ರು. ಒಳಗ ಸಿಕ್ಕವರೊಳಗ 103, 110, 117ನೇ ಮರಾಠಾ ಪಲ್ಟನ್‌ಗಳೂ ಇದ್ವು. ಹಿಟ್ಟು ದಿನಾ ಒಂದಷ್ಟು ಕಡಿಮಿ ಆಗಕೋತ ಹೋತು. ಕಡೀಕ ಕುದರಿ ಕಡದು ತಿನ್ನೂ ಹೊತ್ತು ಬಂತು. ನಮ್ಮ ಮಂದಿ ಧರ್ಮಾ ಕೆಡತೈತಿ ಅಂತ ಭಾಳ ದಿನ ಮುಟ್ಟಲಿಲ್ಲ, ಹಸದು ಹಸದು ರೋಗ ಹತ್ತಿ ಸತ್ತರು. ಕಡೀಕ ಸುಮಾರು 13 ಸಾವಿರ ಮಂದಿ ಶರಣಾದ್ರು. ಆಮ್ಯಾಲೆ ಬಿಸಲಾಗ ನಡಸಿಕೊಂಡು ಹೋದ ದಾರಿಯೊಳಗ, ಸೆರಿಯೊಳಗ ಸತ್ತವರು ಭಾಳ ಮಂದಿ.

ಇವರಂಗ ಆ ನೆಲದಾಗ ಸತ್ತು ಗೋರಿ ಗುರುತು ಸಿಗಲಾರದವರ ಸಲುವಾಗಿ ಬಸ್ರಾದಾಗ ಒಂದು ಸ್ಮಾರಕ ಕಟ್ಯಾರ. 40 ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿಗೆ. ಆದ್ರ ಅದರ ಗ್ವಾಡಿ ಮ್ಯಾಲೆ ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿಸ್ಯಾರ, ಹಿಂದುಸ್ತಾನದ ಸಾದಾ ಸಿಪಾಯಿಗಳ ಹೆಸರು ಕೆತ್ತಿಸಲಿಲ್ಲ. ಪಲ್ಟನ್ ಹೆಸರು ಬರದು, ಅದರ ಮುಂದ ಇಷ್ಟು ಮಂದಿ ಅಂತ ಲೆಕ್ಕಾ ಬರದ್ರು. 2021ರಾಗ ಆಯೋಗದವರ ಒಂದು ವರದಿ ಬಂತು. ಮೊದಲನೇ ಯುದ್ಧದಾಗ ಸತ್ತ ಏಷ್ಯಾ, ಆಫ್ರಿಕಾದ ಮಂದಿಯೊಳಗ ಕಡಿಮೀತಕಡಿಮಿ 1,16,000 ಮಂದಿಯ ಹೆಸರು ಎಲ್ಲೂ ಬರದಿಲ್ಲ, ಆ ಲೆಕ್ಕಾ ಮೂರೂವರಿ ಲಕ್ಷದ ತನಕಾನೂ ಹೋಗಬಹುದು ಅಂತ ಅದರಾಗ ಐತಿ. ಆಯೋಗದವರು ಅದಕ್ಕ ಕ್ಷಮಾನೂ ಕೇಳ್ಯಾರ.

ಎಲ್ಲಾ ಕಡೆನೂ ಹಿಂಗ ಆಗಿಲ್ಲ, ಅದನ್ನೂ ಹೇಳಬೇಕು. ಫ್ರಾನ್ಸಿನ ನವ್ ಶಾಪೆಲ್ ಅನ್ನೂ ಊರಾಗ 1927ರಾಗ ತೆರದ ಸ್ಮಾರಕದ ಮ್ಯಾಲೆ 4,700ಕ್ಕೂ ಹೆಚ್ಚು ಹಿಂದುಸ್ತಾನಿ ಸಿಪಾಯಿಗಳ ಹೆಸರು ಅದಾವ. ದಿಲ್ಲಿಗೆ ಟೂರ್ ಹೋದಾಗ ನಾವೆಲ್ಲಾ ಇಂಡಿಯಾ ಗೇಟಿನ ಮುಂದ ನಿಂತು ಫೋಟೊ ತಗಸತೀವಿ. ಆ ಗೇಟಿನ ಕಲ್ಲಿನ ಮ್ಯಾಲೆ 13 ಸಾವಿರಕ್ಕೂ ಹೆಚ್ಚು ಹೆಸರು ಕೆತ್ಯಾರ. ಮುಂದಿನ ಸಲ ಹೋದಾಗ ಹತ್ತರ ಹೋಗಿ ಒಂದೆರಡು ಓದಿ ಬರ್ರಿ.

ಇನ್ನೊಂದು ಮುಖ್ಯ ಮಾತು. ನಮ್ಮವರ ಗೋರಿ ಹುಡುಕಾಕ ಹೋದ್ರ ಭಾಳ ಸಲ ಗೋರಿನ ಇರೂದಿಲ್ಲ. ಮುಸಲರನ್ನ, ಕ್ರಿಶ್ಚಿಯನ್ನರನ್ನ ಹೂಳತಿದ್ರು, ಅವರಿಗೆ ಕಲ್ಲು ಇರತೈತಿ. ಹಿಂದೂ, ಸಿಖ್ ಸಿಪಾಯಿಗಳನ್ನ ಸಾಧ್ಯ ಇದ್ದಲ್ಲೆಲ್ಲಾ ಅವರ ಪದ್ಧತಿ ಪ್ರಕಾರ ಸುಡತಿದ್ರು. ಸುಟ್ಟ ಮ್ಯಾಲೆ ಗೋರಿ ಎಲ್ಲಿಂದ ಬರಬೇಕು? ಹಿಂತಾವರ ಹೆಸರು ದಹನ ಸ್ಮಾರಕದ ಮ್ಯಾಲೆ ಇರತಾವ. ಇಂಗ್ಲೆಂಡಿನ ಬ್ರೈಟನ್ ಹತ್ತರ ಗುಡ್ಡದ ಮ್ಯಾಲೆ ಬಿಳೇ ಕಲ್ಲಿನ ಛತ್ರಿ ಐತಿ. ಮೊದಲನೇ ಯುದ್ಧದಾಗ ಗಾಯ ಆಗಿ ಅಲ್ಲಿಯ ದವಾಖಾನಿಯೊಳಗ ತೀರಿಹೋದ 53 ಹಿಂದೂ, ಸಿಖ್ ಸಿಪಾಯಿಗಳನ್ನ ಸುಟ್ಟ ಜಾಗಾ ಅದು. ಛತ್ರಿ 1921ರಾಗ ಆತು, ಹೆಸರಿನ ಕಲ್ಲು ಬಂದದ್ದು 2010ರಾಗ. ನಡುವ 89 ವರ್ಷ.

ಈಗ ನಮ್ಮ ಮನೀ ಕಥಿಗೆ ಬರೂಣು. ಹೋದ ವರ್ಷ ದೀಪಾವಳಿಗೆ ಟ್ರಂಕು ಝಾಡಸೂ ಮುಂದ ಆಯಿಯ ಪಿಂಚಣಿ ಪುಸ್ತಕ ಕೈಗೆ ಹತ್ತಿತು. ಆಯಿಯ ಹೆಬ್ಬಟ್ಟಿನ ಗುರುತು, ಎಡಗೈ ಮ್ಯಾಲೆ ಹಚ್ಚಿ ಹಾಕಿಸಿದ ಗುರುತು ಐತಿ ಅಂತ ಬರದದ್ದು, ಮರಾಠಾ ಪಲ್ಟನ್ ಹೆಸರು ಎಲ್ಲಾ ಇದ್ವು. ಆದ್ರ ಮ್ಯಾಲಿನ ಮೂಲಿ ಇಲಿ ಕಡದು ಹೋಗಿತ್ತು. ಸಿಪಾಯಿ ನಂಬರಿನ ಸುರುವಿನ ಅಂಕಿ ಅಷ್ಟ ಉಳದಿದ್ವು, ಹೆಸರು ಪೂರಾ ಹೋಗಿತ್ತು. ಮೆಡಲ್‌ಗಳು ಇದ್ದಿದ್ರ ಸಸಾರ ಆಗತಿತ್ತು, ಯಾಕಂದ್ರ ಹಿಂದುಸ್ತಾನಿ ಸಿಪಾಯಿಗಳ ಮೆಡಲ್ಲಿಗೆ ಅಂಚಿನ ಮ್ಯಾಲೆ ನಂಬರು, ಹೆಸರು ಹೊಡದಿರತಾರ. ನಮ್ಮ ಮನಿಯ ಮೆಡಲ್‌ಗಳು ಯಾವಾಗೋ ಬರಗಾಲದಾಗ ಮೋಡಿನ ಅಂಗಡಿ ಸೇರಿದ್ವು.

"ಅತ್ತಿ, ನಿಮ್ಮ ಅಪ್ಪನ ಪೂರ್ತಿ ಹೆಸರೇನ್ರಿ?" ಅಂತ ಕೇಳಿದೆ. ಮನ್ಯಾಗ ಕರಿಯೂ ಹೆಸರು ಅವರಿಗೆ ಗೊತ್ತಿತ್ತು, ಬರಸಿದ ಹೆಸರು ಗೊತ್ತಿರಲಿಲ್ಲ. ಆಯಿ ಅಂತೂ ಗಂಡನ ಹೆಸರು ಬಾಯಿಲೆ ತಗೊಂಡವರಲ್ಲ. "ಅವರು" ಅಂತಿದ್ರು, ಇಲ್ಲಾ ಮಗಳಿಗೆ "ನಿಮ್ಮಪ್ಪ" ಅಂತಿದ್ರು. ಹಿಂಗ ಎಷ್ಟು ಮನಿಗಳಾಗ ಹೆಸರು ಕಳದು ಹೋಗ್ಯಾವೋ!

ಆಗ ಅತ್ತಿ ಸ್ವಲ್ಪ ಹೊತ್ತು ಸುಮ್ಮನ ಕುಂತು, ಆಮ್ಯಾಲೆ ಒಡಪಾ ಹೇಳಿದ್ರು. ಆಯಿ ಲಗ್ನದಾಗ, ಕುಬಸದಾಗ ಹೇಳತಿದ್ದ ಒಡಪಾ. ಗಂಡನ ಹೆಸರು ಬರೇ ಹೇಳಬಾರದು, ಒಡಪಿನ್ಯಾಗ ಹೇಳಬಹುದು, ಇದು ನಮ್ಮ ಪದ್ಧತಿ ಐತೆಲ್ಲ. ಆ ಒಡಪಿನ ಕಡೇ ಸಾಲಿನ್ಯಾಗ ಅವರ ಹೆಸರು ಪೂರ್ತಿ ಇತ್ತು, ಮನಿತನದ ಅಡ್ಡಹೆಸರಿನ ಸಮೇತ. ಗಂಡ ತೀರಿದ ಮ್ಯಾಲೆ ಆಯಿ ಯಾವ ಲಗ್ನದಾಗೂ ಒಡಪಾ ಹೇಳಲಿಲ್ಲ. ಹೇಳು ಅಂತ ಯಾರೂ ಕೇಳಲಿಲ್ಲ. ಆದ್ರ ರಾತ್ರಿ ಮಗಳನ್ನ ಮಲಗಸೂ ಮುಂದ ಹಾಡಿನಂಗ ಅದನ್ನ ಹೇಳತಿದ್ರಂತ. ಹಿಂಗಾಗಿ ಅತ್ತಿಗೆ ನೆನಪುಳದಿತ್ತು. ಇಲಿ ಕಡದ ಹೆಸರು ಒಡಪಿನ್ಯಾಗ ಸಿಕ್ಕಿತು.

ಮುಂದಿನದು ಊರಿನ ಹೆಸರು. ಇದೂ ತಿಳಕೊಂಡಿರ್ರಿ. ನಮ್ಮ ಕಡೆ ಊರುಗಳು ಆಗ ಬೆಳಗಾವಿ ಜಿಲ್ಲಾದಾಗ ಇದ್ವು ಅಂತ ಹೇಳಾಕ ಬರೂದಿಲ್ಲ. ಆಗ ಕರ್ನಾಟಕ ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲಾಗಳು ಮುಂಬಯಿ ಇಲಾಖೆದಾಗ ಇದ್ವು, 1956ರ ತನಕ ನಮ್ಮ ಮುಂಬಯಿ ನಂಟು ಬಿಡಲಿಲ್ಲ. ಅದರ ನಡುನಡುವ ರಾಮದುರ್ಗ, ಜಮಖಂಡಿ, ಮುಧೋಳ, ಸವಣೂರು, ಸಾಂಗ್ಲಿ, ಕೊಲ್ಹಾಪುರ ಸಂಸ್ಥಾನಗಳು. ಒಂದು ಊರು ಬ್ರಿಟಿಷರದು, ಪಕ್ಕದ ಊರು ಸಂಸ್ಥಾನದ್ದು. ಅತ್ತಿಯ ತವರೂರು ಈಗ ಬೆಳಗಾವಿ ಜಿಲ್ಲಾ, ಆಗ ರಾಮದುರ್ಗ ಸಂಸ್ಥಾನ. ದಾಖಲೆಯೊಳಗ ಅದು ಆಗಿನ ಹೆಸರಿನ್ಯಾಗನ ಇರತೈತಿ.

ಆಯೋಗದ ದಾಖಲೆ ಎಲ್ಲಾ ಈಗ ಕಂಪ್ಯೂಟರಿನ್ಯಾಗ ಅದಾವ, ನೋಡಾಕ ರೊಕ್ಕಾ ಕೊಡಬೇಕಾಗಿಲ್ಲ. ನನ್ನ ಮಗಳು ಕುಂತು ಹುಡುಕಿದ್ಲು. ನಮ್ಮ ಹೆಸರು ಇಂಗ್ಲಿಷಿನ್ಯಾಗ ಬರಿಯೂದು ಕಾರಕೂನನ ಕಿವಿ ಮ್ಯಾಲೆ ಹೋಗತಿತ್ತು. ಕಲ್ಲಪ್ಪ ಅಂದ್ರ ಒಂದು ಕಡೆ ಕಲಾಪ, ಇನ್ನೊಂದು ಕಡೆ ಕಲಪ್ಪಾ, ಮತ್ತೊಂದು ಕಡೆ ಕಲ್ಲು. ಬಸಪ್ಪ ಇದ್ದಂವಾ ಬಾಸ್ಯಾ ಆಗಿರತಾನ. ಹಿಂಗಾಗಿ ಹೆಸರಿನ ಎಲ್ಲಾ ನಮೂನಿ ಕಾಗುಣಿತಾ ಹಾಕಿ, ಪಲ್ಟನ್ ಹೆಸರು ಹಾಕಿ, ನಂಬರಿನ ಸುರುವಿನ ಅಂಕಿ ತಾಳೆ ನೋಡಬೇಕು. ಮೂರು ದಿನಾ ಸಂಜೀಕ ಅದನ್ನ ಮಾಡಿದ್ವಿ. ಮೂರನೇ ಸಂಜೀಕ ನಂಬರು, ಹೆಸರು, ಪಲ್ಟನ್, ಊರು ನಾಕೂ ಒಂದಕ್ಕೊಂದು ಕೂಡಿದ್ವು.

1943ರ ನವೆಂಬರ್ 30. ಇಟಲಿ ದೇಶ, ಸಾಂಗ್ರೊ ನದಿ.

ಆ ತಿಂಗಳು ಅಲ್ಲಿ ಏನ್ ನಡದಿತ್ತು ಅನ್ನೂದು ಇತಿಹಾಸದ ಪುಸ್ತಕಗಳಾಗ ಐತಿ. 1943ರ ಸಪ್ಟೆಂಬರಿನ್ಯಾಗ 8ನೇ ಇಂಡಿಯನ್ ಡಿವಿಜನ್ ಇಟಲಿಯ ದಕ್ಷಿಣ ತುದಿಯ ತಾರಾಂತೊ ಬಂದರಿನ್ಯಾಗ ಇಳೀತು. ಮರಾಠಾ ಲೈಟ್ ಇನ್‌ಫಂಟ್ರಿಯ 1ನೇ ಬಟಾಲಿಯನ್ ಅದರಾಗ ಇತ್ತು. ಜರ್ಮನ್ನರು ಹಿಂದ ಸರಕೋತ ಒಂದೊಂದು ನದಿಗೂ ಅಡ್ಡ ನಿಂತು ಕಾದಾಡಿದ್ರು. ಸಾಂಗ್ರೊ ಆಡ್ರಿಯಾಟಿಕ್ ಸಮುದ್ರಕ್ಕ ಕೂಡೂ ನದಿ. ನವೆಂಬರಿನ್ಯಾಗ ಮಳಿ ಹಿಡದು, ನದಿ ತುಂಬಿ, ಕಟ್ಟಿದ ಸೇತುವಿ ಕೊಚ್ಚಿ ಹೋದ್ವು. ತಿಂಗಳ ಕಡೀಕ ಕೆಸರಾಗ ನದಿ ದಾಟಿ ಆಚಿ ದಿನ್ನಿ ಏರಿದ್ರು. ನಮ್ಮ ಜ್ವಾಳದ ಹೊಲಾ, ಎರಿ ಮಣ್ಣು ಬಿಟ್ಟು ಹೋದ ಹುಡುಗರು ಆ ಥಂಡಿಯೊಳಗ ಹೆಂಗ ತಡಕೊಂಡರೋ. ಇಡೀ ಇಟಲಿ ಯುದ್ಧದಾಗ ಹಿಂದುಸ್ತಾನದ 5,700ಕ್ಕೂ ಹೆಚ್ಚು ಸಿಪಾಯಿಗಳು ಸತ್ತರು.

ಅತ್ತಿಯ ಅಪ್ಪನ ಹೆಸರು ಇರೂದು ಸಾಂಗ್ರೊ ನದಿ ಯುದ್ಧ ಸ್ಮಶಾನದೊಳಗಿನ ದಹನ ಸ್ಮಾರಕದ ಮ್ಯಾಲೆ. ಅಲ್ಲಿ 500ಕ್ಕೂ ಹೆಚ್ಚು ಹಿಂದುಸ್ತಾನಿ ಸಿಪಾಯಿಗಳ ಹೆಸರು ಅದಾವ. ಮಗಳು ಇದನ್ನ ಓದಿ ಅರ್ಥಾ ಹೇಳಿದಾಗ ಅತ್ತಿ ಒಂದ ಪ್ರಶ್ನೆ ಕೇಳಿದ್ರು: "ಅಂದ್ರ ಬೆಂಕಿ ಕೊಟ್ಟಾರೇನವಾ?" ಹೌದ್ರಿ, ಕೊಟ್ಟಾರ ಅಂದ್ವಿ. "ಹಂಗಾದ್ರ ನಾಯಿ ನರಿ ಪಾಲಾಗಲಿಲ್ಲ" ಅಂದು ಸೆರಗಿಲೆ ಕಣ್ಣು ಒರಸಿಕೊಂಡ್ರು. ಎಂಬತ್ತು ವರ್ಷದ ಮ್ಯಾಲೆ ಮಗಳ ಮನಸಿಗೆ ಅಷ್ಟ ಬೇಕಾಗಿತ್ತು.

ಬೆಂಕಿ ಸುದ್ದಾ ಸಿಗಲಾರದವರೂ ಇದ್ರು. ಮರಾಠಾ ಪಲ್ಟನ್ನಿನ ನಾಯಕ ಯಶವಂತ ಘಾಡಗೆ ಅನ್ನುವವರು 1944ರ ಜುಲೈ 10ಕ್ಕ ಇಟಲಿಯ ಮೇಲ್ ಟೈಬರ್ ಕಣಿವಿಯೊಳಗ ಸತ್ತರು. ವಯಸ್ಸು 22. ಆಗಿನ ಕಾಲದ ಎಲ್ಲಾಕ್ಕಿಂತ ದೊಡ್ಡ ಪದಕ, ವಿಕ್ಟೋರಿಯಾ ಕ್ರಾಸ್, ಅವರಿಗೆ ಬಂತು, ಅದನ್ನ ತಗೊಂಡದ್ದು ಅವರ ಹೆಂಡತಿ. ಇಷ್ಟು ದೊಡ್ಡ ಹೆಸರು ಇದ್ರೂ ಅವರ ಗೋರಿ ಎಲ್ಲೂ ಇಲ್ಲ, ಹೆಸರು ಕ್ಯಾಸಿನೊ ಸ್ಮಾರಕದ ಮ್ಯಾಲೆ ಐತಿ. 2023ರಾಗ ಇಟಲಿಯ ಮೊಂತೋನೆ ಅನ್ನೂ ಊರಿನವರು ಅವರ ನೆನಪಿಗೆ ಒಂದು ಸೂರ್ಯಗಡಿಯಾರದ ಸ್ಮಾರಕ ಮಾಡ್ಯಾರ.

ನಮ್ಮ ದಾಖಲೆಯೊಳಗ ಇನ್ನೊಂದು ಸಾಲು ಇತ್ತು. ಇಂತಾವರ ಮಗ, ಇಂತಾಕಿಯ ಗಂಡ, ಇಂತಾ ಊರಿನವ ಅಂತ. ಎರಡನೇ ಯುದ್ಧದ ದಾಖಲೆಗಳಾಗ ಭಾಳ ಕಡೆ ಹಿಂಗ ಬರದಿರತಾರ. ಆಯಿಯ ಹೆಸರಿನ ಕಾಗುಣಿತಾ ಕೆಟ್ಟೈತಿ, ಆದ್ರ ಹೆಸರು ಆಯಿದ. ಗಂಡನ ಹೆಸರು ಬಾಯಿಲೆ ಹೇಳಲಾರದ ಆಯಿ, ಗಂಡನ ಹೆಸರಿನ ಪಕ್ಕದಾಗನ ಅದಾರ. "ಬ್ಯಾರೆ ಒಬ್ಬಾಕಿ" ಅಂತ ಊರವರು ಹುಟ್ಟಿಸಿದ ಆ ಹೆಂಗಸಿಗೆ ಅಲ್ಲಿ ಜಾಗಾ ಇಲ್ಲ. ಆ ಹಾಳಿ ಛಾಪಿಸಿ ಅತ್ತಿ ತಮ್ಮ ತವರಿಗೆ ಒಯ್ದ್ರು. ಹಳೇ ಮಾತು ಆಡಿದವರು ಯಾರೂ ಈಗ ಉಳದಿಲ್ಲ, ಅವರ ಮಕ್ಕಳು, ಮೊಮ್ಮಕ್ಕಳು ಅದಾರ. ಕಟ್ಟಿ ಮ್ಯಾಲೆ ಕುಂತು ಎಲ್ಲಾರ ಮುಂದ ಮೊಮ್ಮಗಳ ಕೈಲೆ ಓದಿಸಿದ್ರು. ಜಗಳಾ ಮಾಡಲಿಲ್ಲ. ಓದಿಸಿ, ಚಾ ಕುಡದು ಬಂದ್ರು.

ತಾರೀಖು ಸಿಕ್ಕಿದ್ದಕ್ಕ ಇನ್ನೊಂದು ಕೆಲಸಾ ಆತು. ಸತ್ತ ತಿಥಿ ಗೊತ್ತಿರಲಾರದವರಿಗೆ ಮಹಾಲಯ ಅಮಾಸಿಗೆ ಎಡಿ ಇಡೂದು ರೂಢಿ, ಇಷ್ಟು ವರ್ಷ ಅತ್ತಿ ಹಂಗ ಮಾಡಿಕೋತ ಬಂದಿದ್ರು. ಆ ಪಕ್ಷದಾಗ ಅಮಾಸಿ ಹಿಂದಿನ ದಿನ ಘಾತ ಚತುರ್ದಶಿ, ಆಯುಧದಿಂದ ಸತ್ತವರಿಗೆ ಮೀಸಲಿನ ದಿನ. ಈ ಸಲದಿಂದ ಆ ದಿನಾನ ಇಡತಾರಂತ. ಹಳೇ ಪಂಚಾಂಗದ ಲೆಕ್ಕಾ ನೋಡಿದ್ರ 1943ರ ನವೆಂಬರ್ 30 ಅಂದ್ರ ಛಟ್ಟಿ ಅಮಾಸಿ ಮುಗದು ಎರಡು ಮೂರು ದಿನ, ಮಂಗಳವಾರ. ಇಲ್ಲಿ ಆಯಿ ಆ ದಿನ ಮಗಳಿಗೆ ಎಣ್ಣಿ ಹಚ್ಚಿ ಎರದಿರಬೇಕು ಅಂತ ಅತ್ತಿ ಲೆಕ್ಕಾ ಹಾಕತಾರ.

ಈಗ ನಿಮ್ಮ ಪಾಳಿ. ಟ್ರಂಕು ಝಾಡಸೂ ಮುಂದ ಹಳೇ ಪುಸ್ತಕ, ಚೀಟಿ ರದ್ದಿಗೆ ಹಾಕಬ್ಯಾಡ್ರಿ. ಮೆಡಲ್ ಇದ್ರ ಹುಣಸಿಹಣ್ಣು, ರಂಗೋಲಿ ಹಚ್ಚಿ ತಿಕ್ಕಬ್ಯಾಡ್ರಿ, ಅಂಚಿನ ಮ್ಯಾಲಿನ ಅಕ್ಷರ ಸವೀತಾವ. ಒಣ ಅರಿವಿಲೆ ಒರಸಿ, ಬೆಳಕಿಗೆ ಹಿಡದು ಓದ್ರಿ. ಮೊದಲನೇ ಯುದ್ಧದ್ದಾದ್ರ ಅಂಗೈಗಿಂತ ದೊಡ್ಡ ಕಂಚಿನ ಬಿಲ್ಲಿಯೂ ಇರಬಹುದು. ಸತ್ತವರ ಮನಿಗೆ ಕೊಟ್ಟದ್ದು ಅದು, ಹೆಸರು ಅದರ ಮ್ಯಾಲೆನ ಉಬ್ಬಕ್ಷರದಾಗ ಇರತೈತಿ. ಗಂಟಿ ಬಾರಿಸೂ ತಾಟು ಅಂತ ದೇವರ ಜಗಲಿ ಮ್ಯಾಲೆ ಇಟ್ಟಿರತಾರ, ನೋಡ್ರಿ. ನಂಬರು, ಪಲ್ಟನ್, ಊರಿನ ಹಳೇ ಸಂಸ್ಥಾನ, ಅಪ್ಪನ ಹೆಸರು, ಹೆಂಡತಿ ಹೆಸರು ಒಂದು ಹಾಳಿ ಮ್ಯಾಲೆ ಬರದಿಡ್ರಿ. ಸರ್ಕಾರದ ಕಡೆ ಕೇಳೂದಿದ್ರ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಐತಿ, ರೆಜಿಮೆಂಟಿನ ರೆಕಾರ್ಡ್ ಆಫೀಸ್ ಐತಿ. ಕಾಗದದ ಪ್ರತಿ ಕೊಡ್ರಿ, ಅಸಲು ಮನ್ಯಾಗ ಇರಲಿ.

ಎಲ್ಲಾಕ್ಕಿಂತ ಮೊದಲು ಮನ್ಯಾಗಿನ ಹಿರೇ ಹೆಣಮಕ್ಕಳನ್ನ ಕೇಳ್ರಿ. ಸರ್ಕಾರದ ಕಡೆ ಇರೂದು ಒಂದು ಸಾಲು. ಆ ಸಾಲಿಗೆ ಕೂಡಿಸೂ ಹೆಸರು, ಅಡ್ಡಹೆಸರು, ತವರೂರು, ಒಡಪಾ ಎಲ್ಲಾ ಇರೂದು ಅವರ ಹತ್ತರ. ಕಾಕು, ಮಾವಶಿ, ವೈನಿ, ಯಾರ ಮನ್ಯಾಗ ಹಿಂತಾವರು ಇದ್ರೂ ಈ ವಾರದಾಗ ಕೇಳಿ ಬರಕೊಳ್ರಿ. ಹುಡುಕೂದು ತಿಳೀಲಿಲ್ಲ ಅಂದ್ರ ನನಗ ಹೇಳ್ರಿ, ಮಗಳು ರಜಾಕ್ಕ ಬಂದಾಳ, ಕೂಡಿ ಹುಡುಕೂಣು.